ಎಲ್ಲರಿಗೂ ಗೊತ್ತಿರುವ ಮಾತು

“ಅಜ್ಜಾರೇ, ಕಣ್ಣೆದುರಿಗೆ ಇಲ್ಲದವರಿಗೆ ಒಂದು ವಸ್ತುವನ್ನು ಮಾರುವಾಗ ಅದರ ಬಗ್ಗೆ ಎಷ್ಟು ಹೇಳಬೇಕು?”

ಕೇಳಿದವನು ಕಲ್ಲಯ್ಯ. ಕೇಳಿಸಿಕೊಂಡವರು ಮಠದ ಹಿರಿಯ ಸ್ವಾಮಿಗಳು. ಊರಿನವರೆಲ್ಲ ಅವರನ್ನು ಅಜ್ಜಾರು ಎಂದೇ ಕರೆಯುತ್ತಿದ್ದರು. ಮಠದ ಪಡಸಾಲೆಯಲ್ಲಿ ಹೆಣ್ಣುಮಕ್ಕಳು ಕೂತು ಹಳೆ ಸೀರೆಯ ತುಂಡುಗಳಿಂದ ಹೊದೆಯುವ ಕೌದಿ ಹೊಲಿಯುತ್ತಿದ್ದರು. ಅವುಗಳ ಫೋಟೊ ತೆಗೆದು, ಕೆಳಗೆ ವಿವರ ಬರೆದು, ಆನ್‌ಲೈನ್ ಅಂಗಡಿಗೆ ಹಾಕುವ ಕೆಲಸ ಕಲ್ಲಯ್ಯನದು. ಕಡಿಮೆ ಬರೆದರೆ ಜನ ಫೋನ್ ಮಾಡಿ ತಲೆ ತಿನ್ನುತ್ತಿದ್ದರು. ಹೆಚ್ಚು ಬರೆದರೆ ಓದದೆ ಮುಂದಕ್ಕೆ ಹೋಗುತ್ತಿದ್ದರು. ಎರಡು ಸಾಲು ಸಾಕೋ, ಇಪ್ಪತ್ತು ಬೇಕೋ ಎಂಬುದು ಅವನಿಗೆ ಬಗೆಹರಿದಿರಲಿಲ್ಲ.

ಅಜ್ಜಾರು “ಒಬ್ಬ ತೊಟ್ಟಿಲು ವ್ಯಾಪಾರಿಯ ಕತೆ ಹೇಳುತ್ತೇನೆ, ಕೂತುಕೋ” ಎಂದು ಶುರುಮಾಡಿದರು.

ಆ ವ್ಯಾಪಾರಿಯದು ಬಡಗಿಗಳ ಊರು. ಅಲ್ಲಿ ಮಾಡುವ ಮರದ ತೊಟ್ಟಿಲಿಗೆ ಸುತ್ತಲ ಸೀಮೆಯಲ್ಲೆಲ್ಲ ಹೆಸರಿತ್ತು. ಸಾಗುವಾನಿ ಮರ, ಮೇಲೆ ಅರಗಿನ ಬಣ್ಣ, ನಾಲ್ಕು ಮೂಲೆಗೆ ನಾಲ್ಕು ಸರಪಳಿ. ಮನೆಯ ತೊಲೆಗೆ ಒಮ್ಮೆ ತೂಗುಹಾಕಿದರೆ ಮೊಮ್ಮಕ್ಕಳ ಕಾಲದವರೆಗೂ ಬಾಳುತ್ತಿತ್ತು.

ಅವನ ಅಪ್ಪನೂ ಅದೇ ವ್ಯಾಪಾರ ಮಾಡಿದವನು. ಅಪ್ಪನ ಕಾಲದಲ್ಲಿ ತೊಟ್ಟಿಲು ಕೊಳ್ಳಲು ಯಾರೂ ಒಬ್ಬರೇ ಬರುತ್ತಿರಲಿಲ್ಲ. ಚೊಚ್ಚಲ ಬಾಣಂತಿಗೆ ತವರಿನವರು ತೊಟ್ಟಿಲು ಕೊಡುವುದು ಆ ಕಡೆಯ ಪದ್ಧತಿ. ಹಾಗಾಗಿ ಅಜ್ಜಿ ಬರುತ್ತಿದ್ದಳು, ಸೋದರಮಾವ ಬರುತ್ತಿದ್ದ, ಮಕ್ಕಳನ್ನು ಹೆತ್ತು ಸಾಕಿದ ಅತ್ತಿಗೆಯೂ ಜೊತೆಗೆ ಬರುತ್ತಿದ್ದಳು. ಒಬ್ಬರು ಅಲ್ಲಾಡಿಸಿ ನೋಡಿದರೆ ಇನ್ನೊಬ್ಬರು ಬೆರಳಿನಿಂದ ಬಡಿದು ನೋಡುತ್ತಿದ್ದರು. ಅಪ್ಪ ತನ್ನ ತೊಟ್ಟಿಲನ್ನು ಹೊಗಳುತ್ತಿರಲಿಲ್ಲ. ಬದಲಿಗೆ ಬಂದವರನ್ನೇ ವಿಚಾರಿಸುತ್ತಿದ್ದ. ಮನೆಗೆ ತೊಲೆ ಇದೆಯೋ, ಸಿಮೆಂಟಿನ ಮೇಲ್ಛಾವಣಿಯೋ? ಕೂಸು ಎಷ್ಟು ತಿಂಗಳದು? ತೂಗುವವರು ಯಾರು? ಕೇಳಿ ಮುಗಿದ ಮೇಲೆ ಒಮ್ಮೊಮ್ಮೆ “ಇದು ನಿಮಗೆ ಆಗಿಬರುವುದಿಲ್ಲ” ಎಂದು ಹೇಳಿ ಬರಿಗೈಯಲ್ಲಿ ಕಳಿಸಿಬಿಡುತ್ತಿದ್ದ. ವ್ಯಾಪಾರ ಬಾರದವನ ರೀತಿ ಇದು ಎಂದು ಮಗನಿಗೆ ಅನಿಸುತ್ತಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ.

ಅಪ್ಪ ತೀರಿಕೊಂಡ. ಕಾಲವೂ ಬದಲಾಯಿತು. ಕಬ್ಬಿಣದ ಸ್ಟ್ಯಾಂಡಿಗೆ ಬಟ್ಟೆಯ ಜೋಲಿ ಕಟ್ಟಿದ ತೊಟ್ಟಿಲು ಪೇಟೆಯಲ್ಲಿ ಅಗ್ಗಕ್ಕೆ ಸಿಗತೊಡಗಿತು. ಅಂಗಡಿಗೆ ಬರುವವರು ಕಡಿಮೆಯಾದರು. ಆಗ ಮಗ ತನ್ನ ತೊಟ್ಟಿಲುಗಳ ಫೋಟೊ ತೆಗೆದು ಆನ್‌ಲೈನ್ ಅಂಗಡಿಯಲ್ಲಿ ಹಾಕಿದ. ಕೆಳಗೆ ಬರೆದ: “ಸಾಗುವಾನಿ ತೊಟ್ಟಿಲು. ಒಳ್ಳೆಯ ಬಣ್ಣ. ಗಟ್ಟಿಮುಟ್ಟು.”

ಕೊಳ್ಳುವವರು ಬರಲಿಲ್ಲ, ಪ್ರಶ್ನೆಗಳು ಬಂದವು. ಉದ್ದ ಎಷ್ಟು, ಅಗಲ ಎಷ್ಟು, ತೂಕ ಎಷ್ಟು, ಬಣ್ಣ ಬಿಡುತ್ತದೆಯೇ, ಹಾಸಿಗೆ ಕೊಡುತ್ತೀರಾ. ಉತ್ತರ ಹೇಳಿ ಹೇಳಿ ಸಾಕಾಗಿ ಅವನು ಎಲ್ಲವನ್ನೂ ಒಂದೇ ಕಡೆ ಬರೆದಿಡಲು ಕೂತ. ಕೂತವನಿಗೆ ಬರೆಯುವ ರುಚಿ ಹತ್ತಿತು. ಇಷ್ಟು ದಿನ ತನ್ನೊಳಗೆ ಇಂಥದ್ದೊಂದು ಇತ್ತೆಂದು ಅವನಿಗೇ ತಿಳಿದಿರಲಿಲ್ಲ. ಮರ ಒಣಗಲು ಎಷ್ಟು ಕಾಲ ಬೇಕು, ಅರಗನ್ನು ಹೇಗೆ ಕಾಯಿಸುತ್ತಾರೆ, ಹಳದಿ ಬಣ್ಣ ಕೆಂಪಿನ ಮೇಲೆ ಏಕೆ ಬರಬೇಕು, ಕೆಳಗೆ ಏಕೆ ಬರಬಾರದು ಎಂದು ಬರೆದ. ತೊಟ್ಟಿಲ ಮೇಲೆ ಚಿತ್ರ ಬಿಡಿಸುವ ಮುದುಕ ಗಿಣಿಯ ಕಣ್ಣನ್ನು ಎಲ್ಲಕ್ಕಿಂತ ಕೊನೆಗೆ ಬರೆಯುತ್ತಾನೆ ಎಂದು ಬರೆದ. ಹೆಂಡತಿಗೆ ಓದಿ ತೋರಿಸಿದ. ಅವಳು ಒಲೆಯ ಮುಂದಿನಿಂದ ಎದ್ದು ಬಂದು ಕೇಳಿದಳು. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ.

ತೊಟ್ಟಿಲುಗಳು ಮಾರಾಟವಾಗತೊಡಗಿದವು. ದೂರದೂರದ ನಗರಗಳಿಗೆ ಹೋದವು. ಬಡಗಿಗಳಿಗೆ ಮತ್ತೆ ಕೈತುಂಬ ಕೆಲಸ ಸಿಕ್ಕಿತು. ಕೆಲವರು ತೊಟ್ಟಿಲು ಕೊಳ್ಳದೆ ಬರಹವನ್ನೇ ಮೆಚ್ಚಿ ಸಂದೇಶ ಕಳಿಸಿದರು. ಅಂಥ ಸಂದೇಶ ಬಂದ ದಿನ ಅವನು ಊಟವನ್ನೂ ಮರೆಯುತ್ತಿದ್ದ.

ಕೊಂಡವರಲ್ಲಿ ಒಬ್ಬ ತಾಯಿ ಇದ್ದಳು. ನಗರದಲ್ಲಿ ಗಂಡನೊಂದಿಗೆ ಇದ್ದವಳು. ಚೊಚ್ಚಲ ಕೂಸು, ಆಗಿನ್ನೂ ಮೂರು ತಿಂಗಳದು. ಅವಳು ಐದು ನಕ್ಷತ್ರ ಕೊಟ್ಟು, ಎಲ್ಲರೂ ಓದುವ ಹಾಗೆ ಬರೆದಳು: “ನಮ್ಮ ಮಗು ಕೈಯಲ್ಲಿದ್ದರೂ ಮಲಗುತ್ತಿರಲಿಲ್ಲ. ಈ ತೊಟ್ಟಿಲಿಗೆ ಹಾಕಿದ ದಿನದಿಂದ ಮಲಗುತ್ತಿದೆ. ಮಾರಿದವರು ಪ್ರೀತಿಯಿಂದ ಬರೆದಿದ್ದಾರೆ. ಓದಿದಾಗ ಮನೆಯ ಹಿರಿಯರೇ ಕೂತು ಹೇಳಿದಂತೆ ಅನಿಸಿತು.” ಅದನ್ನು ಅವನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ.

ಕೆಲವು ತಿಂಗಳು ಕಳೆದವು. ಒಂದು ಮಧ್ಯಾಹ್ನ ಅದೇ ತಾಯಿ ಫೋನ್ ಮಾಡಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. ಮಗು ತೊಟ್ಟಿಲಿನಿಂದ ಬಿದ್ದಿದೆ ಎಂದಳು. ಎದ್ದು ತೊಟ್ಟಿಲ ಪಕ್ಕದ ಪಟ್ಟಿ ಹಿಡಿದುಕೊಂಡು ಆಚೆಗೆ ಬಗ್ಗಿತ್ತಂತೆ. ತಾನು ಅಡುಗೆಮನೆಯಲ್ಲಿ ಇದ್ದೆ ಎಂದಳು. ಹೆಗಲ ಮೂಳೆ ಮುರಿದಿದೆ, ತಲೆಗೂ ಪೆಟ್ಟಾಗಿದೆ, ತಲೆಯೊಳಗೆ ಏನಾದರೂ ಆಗಿದೆಯೋ ಎಂದು ಡಾಕ್ಟರು ಇನ್ನೂ ನೋಡುತ್ತಿದ್ದಾರೆ ಎಂದಳು.

ಮೊದಲು ವ್ಯಾಪಾರಿಗೆ ಹೊಳೆದದ್ದು ಸರಪಳಿ. ಸರಪಳಿ ಕಡಿಯಿತೇ ಎಂದು ಕೇಳಿದ. ಇಲ್ಲ ಎಂದಳು. ಮರ ಬಿರಿಯಿತೇ ಎಂದು ಕೇಳಿದ. ಅದೂ ಇಲ್ಲ. ಹಾಗೆಂದಾಗ ಅವನಿಗೆ ಉಸಿರು ಬಂತು. ಆ ಉಸಿರಿನಲ್ಲೇ ಮಾತೂ ಬಂತು.

“ತಾಯಿ, ಮಗು ಬೋರಲು ಬೀಳಲು ಕಲಿತ ಮೇಲೆ ತೊಟ್ಟಿಲಲ್ಲಿ ಒಂದನ್ನೇ ಬಿಡಬಾರದು. ಎದ್ದು ಕೂರುವ ಹೊತ್ತಿಗೆ ತೊಟ್ಟಿಲನ್ನು ಬಿಚ್ಚಿ ಅಟ್ಟಕ್ಕೆ ಹಾಕಿಬಿಡಬೇಕು. ಇದು ಎಲ್ಲರಿಗೂ ಗೊತ್ತಿರುವ ಮಾತು.”

“ನನಗೆ ತಾಯಿ ಇಲ್ಲ” ಎಂದಳು ಅವಳು. “ಅತ್ತೆಯೂ ಇಲ್ಲ. ಅಕ್ಕಪಕ್ಕದವರ ಭಾಷೆ ನನಗೆ ಬರುವುದಿಲ್ಲ. ನೀವು ಬರೆದದ್ದನ್ನು ಮತ್ತೆ ಮತ್ತೆ ಓದಿದ್ದೇನೆ. ಗಿಣಿಯ ಕಣ್ಣನ್ನು ಯಾವಾಗ ಬರೆಯುತ್ತಾರೆ ಅಂತ ಅದರಲ್ಲಿ ಇದೆ. ಇದು ಇರಲಿಲ್ಲ. ನೀವು ಎಲ್ಲರಿಗೂ ಅನ್ನುತ್ತೀರಲ್ಲ, ಆ ಎಲ್ಲರೂ ನಮ್ಮ ಮನೆಯಲ್ಲಿ ಇಲ್ಲ.”

ಫೋನ್ ಇಟ್ಟಳು.

ಅವನಿಗೆ ಸಿಟ್ಟು ಬಂತು. ಹೆಂಡತಿಗೆ ಹೇಳಿದ, ಬಡಗಿಗಳಿಗೆ ಹೇಳಿದ, ಎದುರು ಅಂಗಡಿಯವನನ್ನು ಕರೆದು ಹೇಳಿದ. ಎಲ್ಲರೂ ಅವನ ಕಡೆಗೇ ಮಾತಾಡಿದರು. ಅಷ್ಟೂ ತಿಳಿಯದೆ ಮಗು ಹೆತ್ತಳೇ ಎಂದರು. ಬಚ್ಚಲ ಹಂಡೆ ಮಾರುವವನು ನೀರು ಸುಡುತ್ತದೆ ಎಂದು ಬರೆಯಬೇಕೇ ಎಂದರು. ಕೇಳುತ್ತ ಕೇಳುತ್ತ ಅವನ ಸಿಟ್ಟು ಇಳಿದುಹೋಯಿತು. ಅದು ಇಳಿದ ಜಾಗದಲ್ಲಿ ಬೇರೇನೋ ಬಂದು ಕೂತಿತು. ತನ್ನ ಕಡೆ ಇಷ್ಟು ಜನ ಇದ್ದಾರೆ, ಅವಳ ಕಡೆ ಒಬ್ಬರೂ ಇರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು. ಈ ಮಾತುಗಳನ್ನು ಆಡಿದವರಲ್ಲಿ ಒಬ್ಬಳಾದರೂ ಆ ಮನೆಯಲ್ಲಿ ಇದ್ದಿದ್ದರೆ ಸಾಕಿತ್ತು.

ತಾನು ಬರೆದದ್ದನ್ನು ತೆಗೆದು ಓದಿದ. ಮರ ಇತ್ತು, ಬಣ್ಣ ಇತ್ತು, ಗಿಣಿ ಇತ್ತು. ಮಗು ಎಂಬ ಮಾತು ಒಂದೇ ಕಡೆ ಬಂದಿತ್ತು. “ಈ ತೊಟ್ಟಿಲಲ್ಲಿ ನಿಮ್ಮ ಮಗು ರಾಜಕುಮಾರನಂತೆ ಮಲಗುತ್ತದೆ.” ಅದನ್ನು ಬರೆದ ದಿನ ಎಷ್ಟು ಚೆನ್ನಾಗಿದೆ ಎಂದುಕೊಂಡಿದ್ದ.

ಭಯವೂ ಹುಟ್ಟಿತು. ನಾಳೆ ಅವಳು ದೂರು ಕೊಟ್ಟರೆ? ಇನ್ನೊಬ್ಬಳ ಮಗು ಬಿದ್ದರೆ? ಗುರುತಿನ ವಕೀಲನೊಬ್ಬನ ಹತ್ತಿರ ಹೋದ. ಇಬ್ಬರೂ ಕೂತು ಹೊಸದಾಗಿ ಬರೆದರು. ಈ ಸಲ ಏನನ್ನೂ ಬಿಡಬಾರದು ಎಂಬ ಹಟ. ಮೊಳೆ ಎದ್ದರೆ, ಬಣ್ಣ ಚಕ್ಕೆ ಎದ್ದರೆ, ಮಳೆಗಾಲದಲ್ಲಿ ಮರ ಉಬ್ಬಿದರೆ, ಸರಪಳಿಗೆ ಬೆರಳು ಸಿಕ್ಕಿದರೆ, ಇಲಿ ಕಡಿದರೆ, ಇಬ್ಬರು ಮಕ್ಕಳನ್ನು ಒಟ್ಟಿಗೆ ಮಲಗಿಸಿದರೆ, ಬೆಕ್ಕು ಹತ್ತಿ ಕೂತರೆ. ಪ್ರತಿಯೊಂದರ ಕೊನೆಗೂ ಮಾರಾಟಗಾರ ಜವಾಬ್ದಾರನಲ್ಲ ಎಂದು ಸೇರಿಸಿದರು. ಬೋರಲು ಬೀಳುವ ಮಗುವಿನ ಮಾತೂ ಅದರೊಳಗೆ ಎಲ್ಲೋ ನಡುವೆ ಸೇರಿತು. ಫೋನಿನಲ್ಲಿ ಅದನ್ನು ಓದಲು ಹೆಬ್ಬೆರಳಿನಿಂದ ಮೇಲಕ್ಕೆ ತಳ್ಳುತ್ತಲೇ ಇರಬೇಕಾಗಿತ್ತು.

ಅದನ್ನು ಆ ತಾಯಿಗೆ ಕಳಿಸಿದ. “ಈಗ ಎಲ್ಲವನ್ನೂ ಬರೆದಿದ್ದೇನೆ. ಸರಿ ಇದೆಯೇ, ನೋಡಿ ಹೇಳಿ” ಎಂದು ಕೇಳಿದ. ಅವಳು ಸರಿ ಎಂದುಬಿಟ್ಟರೆ ತನ್ನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದ.

ಉತ್ತರ ಬರಲು ಕೆಲವು ದಿನ ಹಿಡಿಯಿತು. ಮಗುವಿನ ತಲೆಗೆ ಏನೂ ಆಗಿಲ್ಲವಂತೆ, ಹೆಗಲಿಗೆ ಪಟ್ಟಿ ಕಟ್ಟಿದ್ದಾರೆ ಎಂದು ಮೊದಲು ಬರೆದಿದ್ದಳು. ಆಮೇಲೆ ಬರೆದಿದ್ದಳು: “ನೀವು ಕಳಿಸಿದ್ದನ್ನು ಓದಲು ಕೂತೆ. ಅರ್ಧ ಓದುವಷ್ಟರಲ್ಲಿ ಮಗು ಅತ್ತಿತು, ಎದ್ದು ಹೋದೆ. ಮತ್ತೆ ಓದಲು ಆಗಲಿಲ್ಲ.”

ಬೇರೆ ಮಾತಿರಲಿಲ್ಲ.

ಮರುದಿನ ವ್ಯಾಪಾರಿ ಬಸ್ಸು ಹತ್ತಿ ಆ ನಗರಕ್ಕೆ ಹೋದ. ಹೋಗಿ ಏನು ಮಾಡಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಮಗುವನ್ನು ಒಮ್ಮೆ ನೋಡಿ ಬರಬೇಕು ಎಂದಷ್ಟೇ ಹೆಂಡತಿಗೆ ಹೇಳಿದ್ದ. ಅವಳು ಒಂದು ಡಬ್ಬಿಯಲ್ಲಿ ಬೆಣ್ಣೆ ತುಂಬಿಕೊಟ್ಟಿದ್ದಳು.

ವಿಳಾಸ ಹುಡುಕಿ ಮೂರನೆಯ ಮಹಡಿ ಹತ್ತಿದ. ಆ ತಾಯಿಯೇ ಬಾಗಿಲು ತೆರೆದಳು. ಇಷ್ಟು ಚಿಕ್ಕವಳು ಎಂದು ಅವನು ತಿಳಿದಿರಲಿಲ್ಲ. ಕೂಸು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು. ಎಡಗೈಯನ್ನು ಎದೆಗೆ ಸೇರಿಸಿ ಬಿಳಿ ಪಟ್ಟಿ ಸುತ್ತಿದ್ದರು. ಗಂಡ ಕೆಲಸಕ್ಕೆ ಹೋಗಿದ್ದ. ಇವನು ಯಾರೆಂದು ತಿಳಿದ ಮೇಲೂ ಅವಳು ಒಳಗೆ ಬನ್ನಿ ಎಂದಳು. ನೀರು ತಂದುಕೊಟ್ಟಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಕೋಣೆಯ ನಡುವೆ ಅವನ ತೊಟ್ಟಿಲು ಇನ್ನೂ ತೂಗುತ್ತಿತ್ತು. ಒಳಗೆ ಒಗೆದ ಬಟ್ಟೆ ಮಡಿಸಿ ಇಟ್ಟಿದ್ದಳು. ಅವನ ಕಣ್ಣು ಸರಪಳಿಯ ಗುಂಟ ಮೇಲಕ್ಕೆ ಹೋಯಿತು. ಮೇಲೆ ತೊಲೆ ಇರಲಿಲ್ಲ. ಫ್ಯಾನು ಹಾಕುವ ಕೊಕ್ಕೆ ಇತ್ತು. ಫ್ಯಾನು ಬಿಚ್ಚಿ, ಅದೇ ಕೊಕ್ಕೆಗೆ ನಾಲ್ಕೂ ಸರಪಳಿಗಳನ್ನು ಸೇರಿಸಿ ಸಿಕ್ಕಿಸಿದ್ದರು.

ಅವನು ಏನೂ ಹೇಳದೆ ಒಂದು ಸ್ಟೂಲು ಕೇಳಿದ. ಹತ್ತಿ ನೋಡಿದ. ಕೊಕ್ಕೆಯ ಬಾಯಿ ಅಗಲವಾಗಿ ತೆರೆದುಕೊಂಡಿತ್ತು. ಸರಪಳಿಯ ಕೊಂಡಿ ಅದರ ತುದಿಯ ತನಕ ಜರುಗಿ ಬಂದು ನಿಂತಿತ್ತು. ಇನ್ನು ಕೆಲವು ದಿನ ತೂಗಿದ್ದರೆ ಅದು ಕಳಚುತ್ತಿತ್ತು. ಅಷ್ಟು ತಿಂಗಳು ಆ ಕೂಸು ಮಲಗಿದ್ದು ಇದರ ಕೆಳಗೆ. ಅವಳು ಐದು ನಕ್ಷತ್ರ ಕೊಟ್ಟ ದಿನವೂ ಇದರ ಕೆಳಗೇ ಮಲಗಿತ್ತು.

ಅವಳು ಕೆಳಗಿನಿಂದ ಅವನ ಮುಖವನ್ನೇ ನೋಡುತ್ತಿದ್ದಳು.

“ಏನು?” ಎಂದು ಕೇಳಿದಳು.

ಹೇಳದಿದ್ದರೂ ನಡೆಯುತ್ತಿತ್ತು. ತೊಟ್ಟಿಲನ್ನು ಇಳಿಸಿ, ಹಳೆಯದಾಯಿತು, ವಾಪಸು ಒಯ್ಯುತ್ತೇನೆ ಎಂದು ಹೇಳಿ ಹೊರಟುಬಿಡಬಹುದಿತ್ತು. ಆ ಮಾತು ಅವನ ನಾಲಿಗೆಯ ತುದಿಗೆ ಬಂದೂ ಇತ್ತು. ಅವನು ತೊಟ್ಟಿಲನ್ನು ಇಳಿಸಿ ನೆಲಕ್ಕಿಟ್ಟ. ಆಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳಿದ.

ಅವಳು ಮಗುವನ್ನು ಅವಚಿಕೊಂಡು ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಟ್ಟಳು. ಆಮೇಲೆ ತಲೆ ಎತ್ತಿ ಕೇಳಿದಳು: “ನಿಮಗೆ ಗೊತ್ತಿದ್ದು ನನಗೆ ಹೇಳದೆ ಇರುವುದು ಇನ್ನೇನೇನಿದೆ?”

ಅವನು ಅವಳ ಎದುರಿಗೆ ನೆಲದ ಮೇಲೆ ಕೂತ. ಹೇಳತೊಡಗಿದ. ಬರೆಯುವಾಗ ಬರುತ್ತಿದ್ದ ಮಾತುಗಳು ಒಂದೂ ಈಗ ಬರಲಿಲ್ಲ. ಮಗು ಬೋರಲು ಬೀಳುವ ತನಕ ಮಾತ್ರ ತೊಟ್ಟಿಲು ಎಂದ. ಆಮೇಲೆ ನೆಲದ ಮೇಲಿನ ಹಾಸಿಗೆಯೇ ಲೇಸು ಎಂದ. ತೊಲೆ ಇಲ್ಲದ ಮನೆಗೆ ನೆಲದ ಮೇಲೆ ನಿಲ್ಲುವ ಚೌಕಟ್ಟು ಬೇಕು, ಫ್ಯಾನಿನ ಕೊಕ್ಕೆ ಫ್ಯಾನಿಗಷ್ಟೇ ಎಂದ. ದಪ್ಪ ಹಾಸಿಗೆ ಹಾಕಿದರೆ ಪಕ್ಕದ ಪಟ್ಟಿ ಅಷ್ಟು ಗಿಡ್ಡವಾಗುತ್ತದೆ ಎಂದ. ಮೆತ್ತನೆಯ ದಿಂಬು ಇಡಬಾರದು, ಉಸಿರು ಕಟ್ಟುತ್ತದೆ ಎಂದ. ಮಗು ತೊಟ್ಟಿಲಲ್ಲಿದ್ದಾಗ ಅದರ ಉಸಿರು ಕೇಳಿಸುವಷ್ಟು ದೂರದಲ್ಲೇ ಯಾರಾದರೂ ಇರಬೇಕು ಎಂದ. ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ಕೆಲವಕ್ಕೆ, “ಇದು ನಮಗೆ ಆಸ್ಪತ್ರೆಯಲ್ಲಿ ಹೇಳಿದ್ದರು” ಎಂದಳು. ಕೆಲವಕ್ಕೆ ಕಣ್ಣು ಮುಚ್ಚಿಕೊಂಡಳು.

ಹೇಳುತ್ತ ಹೇಳುತ್ತ ಅವನಿಗೆ ತಾನು ಆಡುತ್ತಿರುವುದು ಅಪ್ಪನ ಮಾತು ಎಂಬುದು ಗೊತ್ತಾಯಿತು. ಅಪ್ಪ ಅದನ್ನೇ ಪ್ರಶ್ನೆ ಮಾಡಿ ಕೇಳುತ್ತಿದ್ದ. ಬಂದವರ ಮನೆ ಹೇಗಿದೆ ಎಂದು ತಿಳಿದ ಮೇಲೆಯೇ ಅಪ್ಪನಿಗೆ ಏನು ಹೇಳಬೇಕೆಂಬುದು ಹೊಳೆಯುತ್ತಿತ್ತು. ಇವನು ಯಾರ ಮನೆಯನ್ನೂ ನೆನೆಯದೆ, ತನ್ನ ಅಂಗಡಿಯಲ್ಲಿ ಕೂತು, ತನ್ನ ತೊಟ್ಟಿಲನ್ನೇ ನೋಡುತ್ತ ಬರೆದಿದ್ದ.

ಅಷ್ಟರಲ್ಲಿ ಮಗುವಿಗೆ ಎಚ್ಚರವಾಯಿತು. ಪಟ್ಟಿ ಕಟ್ಟಿದ ಕೈ ನೋಯಿತೋ ಏನೋ, ಜೋರಾಗಿ ಅತ್ತಿತು. ಅವಳು ಎದ್ದು, ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಓಡಾಡತೊಡಗಿದಳು. ಇನ್ನು ಅವನು ಏನು ಹೇಳಿದರೂ ಅವಳ ಕಿವಿಗೆ ಬೀಳುವಂತಿರಲಿಲ್ಲ. ಹೇಳಬೇಕಾದದ್ದು ಇನ್ನೂ ಇತ್ತು. ಮರ ಯಾವುದು, ಒರೆಸುವುದು ಹೇಗೆ, ಬಣ್ಣ ಎಷ್ಟು ವರ್ಷ ಇರುತ್ತದೆ, ಅದೆಲ್ಲ. ಅದು ಉಳಿದುಹೋದದ್ದಕ್ಕೆ ಅವನಿಗೆ ಏನೂ ಅನಿಸಲಿಲ್ಲ. ಬೆಣ್ಣೆಯ ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಕೈಸನ್ನೆಯಲ್ಲೇ ಹೋಗಿಬರುತ್ತೇನೆ ಎಂದು ಹೊರಬಂದ.

ಊರಿಗೆ ಬಂದು ವಕೀಲ ಬರೆಸಿದ್ದನ್ನು ಅಳಿಸಿದ. ಆ ಕೋಣೆಯಲ್ಲಿ ನೆಲದ ಮೇಲೆ ಕೂತು ಆಡಿದ ಮಾತುಗಳನ್ನು ಆಡಿದ ಕ್ರಮದಲ್ಲೇ ಬರೆದ. ಮಗುವಿಗೆ ಎಚ್ಚರವಾದಲ್ಲಿಗೆ ನಿಲ್ಲಿಸಿದ. ಎಲ್ಲಕ್ಕಿಂತ ಮೇಲೆ ಹೀಗಿತ್ತು: “ನಿಮ್ಮ ಮಗು ಬೋರಲು ಬೀಳಲು ಕಲಿತಿದ್ದರೆ ಈ ತೊಟ್ಟಿಲು ಬೇಡ. ನಿಮ್ಮ ಮನೆಗೆ ತೊಲೆ ಇಲ್ಲದಿದ್ದರೆ ಮೊದಲು ನನಗೆ ಫೋನ್ ಮಾಡಿ.” ಅದರ ಕೆಳಗೆ ಉಳಿದದ್ದು. ಅಳತೆ, ತೂಕ, ಮರ ಎಲ್ಲದರ ಕೊನೆಗೆ ಬಂತು. ಹಳೆಯ ಬರಹದಲ್ಲಿ ಒಂದು ಸಾಲನ್ನು ಅಳಿಸಲು ಅವನಿಗೆ ಮನಸ್ಸು ಬರಲಿಲ್ಲ. ಗಿಣಿಯ ಕಣ್ಣಿನ ಸಾಲು. ಅದನ್ನು ತುದಿಯಲ್ಲಿ ಉಳಿಸಿಕೊಂಡ.

ವ್ಯಾಪಾರ ಇಳಿಯಿತು. ಗಿರಾಕಿಯನ್ನು ಬಾಗಿಲಲ್ಲೇ ನಿಲ್ಲಿಸಿ ಬೇಡ ಎನ್ನುವ ಅಂಗಡಿಯನ್ನು ಎಲ್ಲಾದರೂ ಕಂಡಿದ್ದೀರಾ ಎಂದು ಎದುರು ಅಂಗಡಿಯವನು ನಕ್ಕ. ಫೋನ್ ಮಾಡಿದವರಲ್ಲಿ ಹಲವರು ಮಾತಾಡಿ, ಕೊಳ್ಳದೆ ಹೋದರು. ಒಬ್ಬ ಗಂಡಸು ತನ್ನ ಮಗು ಅಂಬೆಗಾಲಿಡುತ್ತಿದೆ, ಏನು ಮಾಡಲಿ ಎಂದು ಕೇಳಿದ. ನೆಲದ ಮೇಲೆ ಹಾಸಿಗೆ ಹಾಸಿ ಎಂದು ಇವನು ಹೇಳಿದ. ಆ ಗಂಡಸು ಉಪಕಾರವಾಯಿತು ಎಂದು ಫೋನ್ ಇಟ್ಟ. ಪಕ್ಕದಲ್ಲೇ ನಿಂತಿದ್ದ ಹೆಂಡತಿ, “ಹಾಸಿಗೆಯನ್ನಾದರೂ ಮಾರಬಾರದೇ?” ಎಂದಳು. ಚೌಕಟ್ಟು ಮಾಡುವುದನ್ನು ಬಡಗಿಗಳು ಕಲಿತ ಮೇಲೆ ಸ್ವಲ್ಪ ಚೇತರಿಕೆ ಆಯಿತು. ಮೊದಲಿನಷ್ಟು ಆಗಲಿಲ್ಲ. ಬರಹವನ್ನು ಮೆಚ್ಚಿ ಸಂದೇಶ ಕಳಿಸುವವರು ನಿಂತೇಹೋದರು. ಅದು ಮಾತ್ರ ಅವನಿಗೆ ಬಹಳ ದಿನ ನೋಯಿತು.

ಆ ತಾಯಿಯ ಮಗುವಿನ ಮೂಳೆ ಕೂಡಿಕೊಂಡಿತು. ಕೈ ಮೊದಲಿನ ಹಾಗೆ ಆಡಿತು. ಅವಳು ತೊಟ್ಟಿಲನ್ನು ವಾಪಸು ಕಳಿಸಲಿಲ್ಲ, ಇಟ್ಟುಕೊಂಡಿದ್ದಾಳೋ ಯಾರಿಗಾದರೂ ಕೊಟ್ಟಳೋ ಅವನೂ ಕೇಳಲಿಲ್ಲ. ಒಂದು ದಿನ ನೋಡಿದರೆ ಅವಳು ಬರೆದಿದ್ದ ಹೊಗಳಿಕೆ ಅಲ್ಲಿರಲಿಲ್ಲ. ಐದು ನಕ್ಷತ್ರವನ್ನೂ ತೆಗೆದಿದ್ದಳು. ಆ ಜಾಗದಲ್ಲಿ ಬೈಗುಳವನ್ನೇನೂ ಬರೆದಿರಲಿಲ್ಲ. ಅದು ಸರಿಯಾಗಿದೆ ಎಂದು ಅವನಿಗೆ ಅನಿಸಿತು.

ಅವನು ಇನ್ನೂ ಅದೇ ವ್ಯಾಪಾರ ಮಾಡುತ್ತಾನೆ. ಅವನ ಬರಹದಿಂದ ಎಷ್ಟು ಮಕ್ಕಳು ಬೀಳದೆ ಉಳಿದವೋ ಅವನಿಗೆ ತಿಳಿಯದು. ಮಗು ಬಿದ್ದರೆ ಫೋನ್ ಬರುತ್ತದೆ. ಬೀಳದ ಮಗುವಿನ ಸುದ್ದಿಯನ್ನು ಯಾರೂ ಹೇಳಿ ಕಳಿಸುವುದಿಲ್ಲ. ಅವನು ಫೋನ್ ಬಾರದ ದಿನಗಳನ್ನು ಒಳ್ಳೆಯ ದಿನಗಳೆಂದು ತಿಳಿದುಕೊಂಡು ಇದ್ದಾನೆ.

ಅಜ್ಜಾರು ಇಷ್ಟು ಹೇಳಿ ನಿಲ್ಲಿಸಿದರು.

ಕಲ್ಲಯ್ಯನಿಗೆ ಉತ್ತರ ಸಿಕ್ಕಂತಾಯಿತು. ಅವನ ಮುಖ ಅರಳಿತು. “ತಿಳಿಯಿತು, ಅಜ್ಜಾರೇ” ಎಂದ. “ಸಾಲುಗಳ ಲೆಕ್ಕ ಹಾಕಬಾರದು. ವಸ್ತುವಿನಲ್ಲಿ ದೋಷ ಏನಿದೆ ಎಂಬುದನ್ನು ಮುಚ್ಚಿಡದೆ ಎಲ್ಲಕ್ಕಿಂತ ಮೊದಲು ಬರೆಯಬೇಕು. ಅಷ್ಟು ಬರೆದರೆ ಸಾಕು.”

ಅಜ್ಜಾರು ಅವನನ್ನು ನೋಡಿದರು.

“ಆ ತೊಟ್ಟಿಲಲ್ಲಿ ಯಾವ ದೋಷವೂ ಇರಲಿಲ್ಲವಲ್ಲ, ತಮ್ಮಾ.”

ಕಲ್ಲಯ್ಯ ಎದ್ದು ಪಡಸಾಲೆಗೆ ಹೋದ; ಹೊಲಿಯುತ್ತಿದ್ದವರ ಎದುರಿಗೆ ಕೂತು, ಕೌದಿಯನ್ನು ಕಂಡೇ ಇರದ ಮನೆಗೆ ಇದು ಹೋದರೆ ಅಲ್ಲಿಯವರಿಗೆ ಏನು ಹೇಳಬೇಕು ಎಂದು ಕೇಳಿದ.